ಮೈಕು ನಿಂತ ಹೊತ್ತು

ಜನವರಿ 13, ಸೋಮವಾರ

ಸಂಜೆ ಏಳು ಗಂಟೆ. ಇವತ್ತು ಮದಕರಿಪುರದಲ್ಲಿ ನಾಮಕರಣ ಇತ್ತು. ಎರಡು ಬಾಕ್ಸ್, ಒಂದು ಮೈಕು, ಸಣ್ಣ ಶಾಮಿಯಾನ. ಊಟದ ಹೊತ್ತಿಗೆ ಮುಗಿಯಿತು. ಶಾಮಿಯಾನದ ದಾಸಣ್ಣ ಗೂಟ ಕೀಳುತ್ತ, "ಮಗೀಗೆ ಏನು ಹೆಸರಿಟ್ರು ಅಂತ ಒಬ್ಬರಿಗೂ ಕೇಳಿಸಲಿಲ್ಲ ಕಣೋ ಮಾರುತಿ. ಆ ಸೋದರತ್ತೆ ಕಿವಿಯಾಗೆ ಉಸುರಿಬಿಟ್ಲು. ನಿನ್ನ ಮೈಕು ದಂಡ" ಅಂದ. ಕಿವಿಯಲ್ಲಿ ಹೇಳುವುದೇ ಶಾಸ್ತ್ರ ಅಂದೆ. "ಹಂಗಾದ್ರೆ ಬಾಡಿಗೆ ಯಾಕೆ ಕೊಟ್ರು?" ಅಂದ. ಇಬ್ಬರೂ ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದೆವು.

ಭರಮಸಾಗರಕ್ಕೆ ಬರುವ ದಾರಿಯಲ್ಲಿ ಹೈಸ್ಕೂಲಿನ ಹೆಡ್ಮಾಸ್ಟರು ಫೋನ್ ಮಾಡಿದರು. ದುರ್ಗದ ಒಂದು ಟ್ರಸ್ಟಿನವರು ಪ್ರತಿ ವರ್ಷ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹೈಸ್ಕೂಲು ಮಕ್ಕಳಿಗೆ ಸನ್ಮಾನ ಮಾಡುತ್ತಾರೆ. ಸಾಧನೆಗೆ ಒಂದು, ಸೇವೆಗೆ ಒಂದು, ಶೌರ್ಯಕ್ಕೆ ಒಂದು. ಈ ಸಲ ಫೆಬ್ರವರಿ ಐದಕ್ಕೆ ನಮ್ಮ ಶಾಲೆಯ ಮೈದಾನದಲ್ಲೇ ಮಾಡುತ್ತಾರಂತೆ. ಶೌರ್ಯದ್ದು ಆ ಹುಡುಗಿಗೆ. ಕರಿಸಿದ್ದಪ್ಪನ ಮಗಳಿಗೆ. "ಮೈಕು ನಿಮ್ಮದೇ ಇರಲಿ ಅಂತ ಅನ್ಕೊಂಡಿದೀನಿ. ಕಷ್ಟ ಆಗೋದಾದ್ರೆ ಬೇರೆಯವರಿಗೆ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ" ಅಂದರು. ನೋಡೋಣ ಸಾರ್ ಅಂದೆ.

ಕಳೆದ ಸೆಪ್ಟೆಂಬರಿನಲ್ಲಿ ಕೆರೆ ತುಂಬಿತ್ತು. ಶಾಲೆ ಬಿಟ್ಟ ಮೇಲೆ ಮೂವರು ಹುಡುಗಿಯರು ತೂಬಿನ ಮೆಟ್ಟಿಲಲ್ಲಿ ಕಾಲು ತೊಳೆಯಲು ಇಳಿದರು. ಒಬ್ಬಳು ಜಾರಿದಳು, ಹಿಡಿಯಲು ಹೋಗಿ ಮೂವರೂ ನೀರಿಗೆ ಬಿದ್ದರು. ಆ ಹುಡುಗಿ ಅಲ್ಲೇ ಕುರಿ ಮೈ ತೊಳೆಯುತ್ತಿದ್ದಳು. ಇಬ್ಬರನ್ನು ಎಳೆದು ತಂದಳು. ಮೂರನೆಯವಳು ನನ್ನ ಮಗಳು. ಇಬ್ಬರನ್ನು ತರುವಷ್ಟರಲ್ಲಿ ಆ ಹುಡುಗಿಗೆ ಸಾಕಾಗಿತ್ತು, ಏರಿಯ ಮೇಲೆ ಕುಳಿತುಬಿಟ್ಟಳು ಎಂದು ಜನ ಹೇಳಿದರು. ನಾನೂ ಹಾಗೇ ತಿಳಿದಿದ್ದೇನೆ. ತಪ್ಪು ಅನ್ನುವುದಿಲ್ಲ. ಅವಳೂ ಹದಿನೈದರ ಹುಡುಗಿ.

ನಮ್ಮೂರ ಕಾರ್ಯಕ್ರಮವಾದರೆ ಮೈಕ್ ಟೆಸ್ಟ್ ಮಾಡುತ್ತಿದ್ದವಳು ಮಗಳೇ. ಕೊನೆಯ ಸಲ ಗಣಪತಿಗೆ ಹಾಕಿದ್ದಾಗ, "ಹಲೋ ಹಲೋ, ಬೋಡುತಲೆ ಮಾತಾಡ್ತಿದೀನಿ, ಕೇಳಿಸ್ತೈತಾ ಅಪ್ಪಾ?" ಅಂದಳು. ಬೀದಿಯೆಲ್ಲ ನಕ್ಕಿತು. ಬೇಸಿಗೆಯಲ್ಲಿ ಅವಳಿಗೆ ಟೈಫಾಯ್ಡ್ ಬಂದಾಗ ಅವಳಮ್ಮ ಉಷಾ ಮನೆದೇವರಿಗೆ ಮುಡಿ ಕೊಡುವ ಹರಕೆ ಹೊತ್ತಿದ್ದಳು. ವಾಸಿಯಾದ ಮೇಲೆ, ಆಷಾಢ ಕಳೆದ ಕೂಡಲೇ ನಾನೇ ಬೈಕಿನಲ್ಲಿ ಕರೆದುಕೊಂಡು ಹೋಗಿ ಮುಡಿ ತೆಗೆಸಿಕೊಂಡು ಬಂದೆ. ಕೂದಲು ಆಗಷ್ಟೇ ಚಿಗುರುತ್ತಿತ್ತು.

ಈಗ ನಾನು ಹಲೋ ಅನ್ನುವುದಿಲ್ಲ. ಬೆರಳಿನಿಂದ ತಟ್ಟಿ ನೋಡುತ್ತೇನೆ. ಅಷ್ಟು ಸಾಕು.

ನಾಳೆ ಸಂಕ್ರಾಂತಿ. ಕೆಲಸ ಇಲ್ಲ.

ಜನವರಿ 15, ಬುಧವಾರ

ಈ ವರ್ಷ ನಮಗೆ ಹಬ್ಬ ಇಲ್ಲ. ಪಕ್ಕದ ಮನೆ ಓಬವ್ವ ಎಳ್ಳುಬೆಲ್ಲ ತಂದುಕೊಟ್ಟಳು. ಬದುಕಿ ಬಂದ ಇಬ್ಬರಲ್ಲಿ ಒಬ್ಬಳು ಓಬವ್ವನ ಮೊಮ್ಮಗಳು. ಅದಕ್ಕೇ ಓಬವ್ವ ನಮ್ಮ ಮನೆಗೆ ಬರುವಾಗ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾಳೆ.

"ಒಳಗೆ ಬಾರವ್ವ, ಬಾಗ್ಲು ಕಾಯಾಕೆ ನಿನ್ನನ್ನ ಯಾರು ಇಟ್ಕೊಂಡವ್ರೆ?" ಎಂದಳು ಉಷಾ.

ಓಬವ್ವ ಕೂತು ಮೊಮ್ಮಗಳ ಸುದ್ದಿ ತೆಗೆದಳು. "ಓದ್ತಾಳೆ, ಉಣ್ತಾಳೆ. ತಲೆ ಬಾಚಾಕೆ ಹೋದ್ರೆ ಮಾತ್ರ ಇವತ್ತಿಗೂ ಕಿರುಚಿಕೊಳ್ತಾಳೆ ಕಣೇ. ಅವತ್ತಿಂದ ಹಂಗೇ."

ಉಷಾ ಎದ್ದು ಹೋಗಿ ಒಲೆ ಮೇಲೆ ಏನೋ ಉಕ್ಕುತ್ತಿದೆ ಅಂದಳು. ಏನೂ ಉಕ್ಕುತ್ತಿರಲಿಲ್ಲ.

ಓಬವ್ವ ಹೋದ ಮೇಲೆ ಹೆಡ್ಮಾಸ್ಟರು ಫೋನ್ ಮಾಡಿದ್ದನ್ನು ಹೇಳಿದೆ. ಮೊದಲು ಒಂದು ನಿಮಿಷ ಮೌನಾಚರಣೆ ಮಾಡಿ, ಮಗಳ ಹೆಸರು ಹೇಳಿ, ಆಮೇಲೆ ಸನ್ಮಾನ ಶುರು ಮಾಡುತ್ತಾರಂತೆ ಅಂದೆ. ಉಷಾ ಯೋಚಿಸಲೇ ಇಲ್ಲ.

"ನೀವೇ ಹಾಕ್ರಿ. ಬೇರೆಯೋರ ಮೈಕು ಕುಯ್ಯೋ ಅಂತೈತೆ. ಅವಳ ಹೆಸರು ಹೇಳೋವಾಗ ನೆಟ್ಟಗೆ ಕೇಳಿಸಬೇಕು."

"ನೀನು ಬರ್ತೀಯಾ?"

"ಯಾಕೆ ಬರಬಾರದು? ನಾನೇನು ಮದುವೆಗೆ ಹೋಗ್ತಿದೀನಾ?"

ಹೆಡ್ಮಾಸ್ಟರಿಗೆ ಒಪ್ಪಿಕೊಂಡೆ.

ಜನವರಿ 21, ಮಂಗಳವಾರ

ಮಧ್ಯಾಹ್ನ ಶಾಲೆಗೆ ಹೋಗಿ ಮೈದಾನ ನೋಡಿ ಬಂದೆ. ಕರೆಂಟು ಸ್ಟಾಫ್ ರೂಮಿನಿಂದ ಎಳೆಯಬೇಕು. ವೇದಿಕೆ ಬೇವಿನ ಮರದ ಕಡೆ ಬಂದರೆ ಗಾಳಿ ಮೈಕಿಗೆ ಹೊಡೆಯುವುದಿಲ್ಲ.

ಹೆಡ್ಮಾಸ್ಟರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಆ ಹುಡುಗಿ ಸನ್ಮಾನ ಬೇಡ ಅನ್ನುತ್ತಾಳಂತೆ.

"ಧರ್ಮಪುರದ ಹುಡುಗಿ ಗಣಿತದಾಗೆ ರಾಜ್ಯಕ್ಕೇ ಹೆಸರು ಮಾಡಿದಾಳೆ, ಅವರಪ್ಪ ಶೇಂಗಾ ಹೊಲ ಬಿಟ್ಟು ಹಿಂದಿನ ದಿನವೇ ಬರ್ತೀನಿ ಅಂತಾನೆ. ಹೊಸದುರ್ಗದ ಹುಡುಗ ನಡೆಯಲಾಗದ ಗೆಳೆಯನ್ನ ದಿನಾ ಸೈಕಲ್ ಮೇಲೆ ಶಾಲೆಗೆ ಕರ್ಕೊಂಡು ಬರ್ತಾನೆ, ಅವನಿಗೆ ಸೇವೆದು. ಅವನು ಹೊಸ ಅಂಗಿ ಹೊಲಿಸ್ತಿದಾನಂತೆ. ಇವಳು ನೋಡಿದ್ರೆ ಆ ದಿನ ಕುರಿ ಮೇಯಿಸಾಕೆ ಹೋಗ್ತೀನಿ ಅಂತಾಳೆ. ಕಾರಣ ಕೇಳಿದ್ರೆ ನೆಲ ನೋಡ್ತಾಳೆ."

ನಾನು ವೈರಿನ ಲೆಕ್ಕ ಬರೆದುಕೊಂಡೆ.

"ನೀವು ಒಂದು ಮಾತು ಹೇಳಿದ್ರೆ ಬರಬಹುದು ಮಾರುತೇಶ್. ನಿಮ್ಮ ಮುಖ ನೋಡಾಕೆ ಹೆದರ್ತಾಳೇನೋ."

ನನ್ನ ಮುಖದಲ್ಲಿ ಹೆದರುವಂಥದ್ದು ಏನೂ ಇಲ್ಲ. ನೋಡೋಣ ಅಂದು ಬಂದೆ.

ಜನವರಿ 22, ಬುಧವಾರ

ಹುಡುಗಿಯ ಹತ್ತಿರ ಹೋಗಲಿಲ್ಲ. ಒಂದು ಬಾಕ್ಸಿನ ಸ್ಪೀಕರ್ ಗೊರಗುಟ್ಟುತ್ತಿತ್ತು, ಬಿಚ್ಚಿ ಕೂತೆ.

ಜನವರಿ 26, ಭಾನುವಾರ

ಬೆಳಿಗ್ಗೆ ಪಂಚಾಯ್ತಿ ಮುಂದೆ ಧ್ವಜಾರೋಹಣ. ಒಂದು ಬಾಕ್ಸ್, ಒಂದು ಮೈಕು. ಮಕ್ಕಳಿಗೆ ಲಾಡು ಹಂಚಿದರು. ನನಗೂ ಒಂದು ಕೊಟ್ಟರು, ಜೇಬಿನಲ್ಲಿ ಹಾಕಿಕೊಂಡೆ. ಆಮೇಲೆ ಯಾಕೋ ಗಾಡಿ ಕರಿಸಿದ್ದಪ್ಪನ ಹಟ್ಟಿ ಕಡೆ ತಿರುಗಿಸಿದೆ.

ಕರಿಸಿದ್ದಪ್ಪ ಬಾಗಿಲಲ್ಲಿ ಕಂಬಳಿ ಹಾಸಿದ. "ಬರ್ರಿ ಮಾರುತಣ್ಣ, ಕುಂತ್ಕಳ್ರಿ" ಅಂದ. ಅವನ ಹೆಂಡತಿ ನಿಂಗಕ್ಕ ಮಜ್ಜಿಗೆ ತಂದಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂತ್ಯಕ್ರಿಯೆಗೆ ಅವರಿಬ್ಬರೂ ಬಂದಿದ್ದರು. ಆಮೇಲೆ ನಾವು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಸನ್ಮಾನದ ವಿಷಯ ತೆಗೆದೆ.

"ನಮ್ಮ ಮಾತು ಅವಳು ಕೇಳಲ್ಲ ಅಣ್ಣ. ಹೊಡೆಯಾಕೆ ವಯಸ್ಸು ಮೀರೈತೆ" ಎಂದಳು ನಿಂಗಕ್ಕ. "ರೊಪ್ಪದಾಗೆ ಅವಳೆ. ನೀವೇ ಕೇಳ್ರಿ."

ಕುರಿ ರೊಪ್ಪದ ಬೇಲಿಯ ಹತ್ತಿರ ಆ ಹುಡುಗಿ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಮರಿ ಬಾಟಲಿ ಬಿಡಲಿಲ್ಲ.

"ಯಾಕಮ್ಮ ಬರಲ್ಲ ಅಂತೀಯಂತೆ?" ಎಂದೆ.

"ಹೆಂಗೆ ಎಳೆದೆ ಅಂತ ವೇದಿಕೆ ಮೇಲೆ ಹೇಳು ಅಂತಾರೆ ಮಾವ."

"ಹೇಳು. ಅದಕ್ಕೇನು?"

"ಉಷಕ್ಕ ಬಂದಿರ್ತಾರೆ."

ಅಷ್ಟು ಹೇಳಿ ನಿಲ್ಲಿಸಿದಳು. ನಾನು ಹೊರಡಬಹುದಿತ್ತು. ಹೊರಡಲಿಲ್ಲ. ಅವಳು ಮರಿಯ ಕಡೆ ನೋಡಿಕೊಂಡೇ ಹೇಳಿದಳು.

"ನೀರಾಗೆ ಕುರಿನ ಕಾಲು ಹಿಡಿದು ಎಳೆಯಲ್ಲ ಮಾವ, ನಮ್ಮನ್ನೂ ಒಳಗೆ ಎಳ್ಕೊಂತಾವೆ. ಕುತ್ತಿಗೆ ಹಿಂದೆ ಉಣ್ಣೆ ಹಿಡ್ಕೊಂಡು ಎಳೀತೀವಿ. ನಂಗೆ ಅದೊಂದೇ ಗೊತ್ತಿದ್ದಿದ್ದು. ಅವರಿಬ್ಬರದೂ ಜಡೆ ಹಿಡ್ಕೊಂಡೆ, ಬಂದರು."

ನಾನು ಬೇಲಿಯ ಕಡ್ಡಿ ಹಿಡಿದುಕೊಂಡೆ.

"ಮೂರನೇ ಸಲಾನೂ ಇಳಿದೆ ಮಾವ. ನಾ ಏರಿ ಮೇಲೆ ಕುಂತಿರಲಿಲ್ಲ. ಆ ಕಡೆ ತೂಬಿನ ಹಿಂದೆ ಮುಳುಗಿದ್ದೆ, ಯಾರಿಗೂ ಕಾಣಲಿಲ್ಲ. ಅವಳ ತಲೆ ಸಿಕ್ತು. ಕೈ ಜಾರ್ತು. ಮತ್ತೆ ಹಿಡಿದೆ. ಮತ್ತೆ ಜಾರ್ತು. ವೇಲು ಹಿಡಿದೆ. ವೇಲು ನನ್ನ ಕೈಗೆ ಬಂತು, ಅವಳು ಬರಲಿಲ್ಲ."

ಬಾಟಲಿ ಓರೆ ಮಾಡಿ ಮತ್ತೆ ಹೇಳಿದಳು. "ಉಣ್ಣೆ ಕತ್ತರಿಸಿದ ಮೇಲೆ ನಮ್ಮಪ್ಪ ಕುರಿನ ನೀರಿಗೆ ಬಿಡಲ್ಲ. ತೊಳೆದ ಮೇಲೆ ಕತ್ತರಿಸೋದು. ಕತ್ತರಿಸಿದ್ದನ್ನ ಹಿಡಿಯಾಕಾಗಲ್ಲ. ಇದನ್ನ ಉಷಕ್ಕನ ಮುಂದೆ ಹೆಂಗೆ ಹೇಳಲಿ? ಹರಕೆ ಹೊತ್ತಿದ್ದು ಅವರು. ಸುಳ್ಳು ಹೇಳಾಕೆ ನಂಗೆ ಬರಲ್ಲ. ಅದಕ್ಕೆ ಬರೋದೇ ಬ್ಯಾಡ ಅಂತ."

ಮರಿ ಹಾಲು ಮುಗಿಸಿ ನನ್ನ ಪ್ಯಾಂಟು ಚೀಪತೊಡಗಿತು. ಜೇಬಿನಲ್ಲಿದ್ದ ಲಾಡು ನೆನಪಾಯಿತು. ತೆಗೆದು ಹುಡುಗಿಗೆ ಕೊಟ್ಟೆ. ಯಶೋದಾ ತೆಗೆದುಕೊಂಡಳು.

"ಬಾ. ಮಾತಾಡು ಅಂತ ಯಾರೂ ಕೇಳದ ಹಂಗೆ ನಾನು ನೋಡ್ಕೊಂತೀನಿ" ಎಂದೆ.

"ನಿಜವಾಗ್ಲೂ ಮಾವ?"

"ಮೈಕು ನಂದಲ್ವಾ" ಎಂದೆ.

ಜನವರಿ 27, ಸೋಮವಾರ

ಹೆಡ್ಮಾಸ್ಟರಿಗೆ ಹೇಳಿದೆ: ಯಶೋದಾ ಬರುತ್ತಾಳೆ, ಆದರೆ ವೇದಿಕೆಯಲ್ಲಿ ಮಾತಾಡಿಸಬಾರದು, ಅವಳಿಗೆ ಭಯ. ಅವರಿಗೆ ಖುಷಿಯಾಯಿತು. ಶಾಲು ಹೊದಿಸಿ, ಫಲಕ ಕೊಟ್ಟು, ಫೋಟೋ ತೆಗೆದು ಇಳಿಸುತ್ತೇವೆ ಅಂದರು.

ಉಷಾಗೆ ಏನೂ ಹೇಳಲಿಲ್ಲ.

ಫೆಬ್ರವರಿ 2, ಭಾನುವಾರ

ಹೊಸದುರ್ಗದ ರಸ್ತೆಯಲ್ಲಿ ಮದುವೆ. ನಾಲ್ಕು ಬಾಕ್ಸ್. ವಾಲಗದವರು ಮೈಕು ಹತ್ತಿರ ಬೇಕು ಅನ್ನುತ್ತಾರೆ, ಪುರೋಹಿತರು ದೂರ ಬೇಕು ಅನ್ನುತ್ತಾರೆ. ದಾಸಣ್ಣ, "ಇಬ್ಬರನ್ನೂ ಒಂದೇ ವೈರಿಗೆ ಕಟ್ಟಿಹಾಕು" ಅಂದ. ಈ ಸಲ ನಕ್ಕೆ.

ಮನೆಗೆ ಬಂದಾಗ ಉಷಾ ಹೊಸ್ತಿಲ ಮೇಲೆ ಕೂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ಕರಿಸಿದ್ದಪ್ಪನ ಮನೆಗೆ ಹೋಗಿದ್ರಂತೆ. ನಿಂಗಕ್ಕ ಸಂತೇಲಿ ಸಿಕ್ಕಿ ಹೇಳಿದಳು."

"ಹೂಂ. ಹುಡುಗಿ ಬರಲ್ಲ ಅಂತಿದ್ದಳು. ಒಪ್ಪಿದಳು."

"ಏನಂದಳು?"

"ಏನಿಲ್ಲ. ನಾಚಿಕೆ ಅಂತೆ."

ಉಷಾ ಎಣ್ಣೆ ಹಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಮತ್ತೆ ಹಚ್ಚಿಕೊಂಡಳು.

ಆ ದಿನ ದುರ್ಗದ ಆಸ್ಪತ್ರೆಯಲ್ಲಿ ನಾನು ಪೊಲೀಸರ ಹತ್ತಿರ, ಡಾಕ್ಟರ ಹತ್ತಿರ ಸಹಿ ಮಾಡುತ್ತ ಓಡಾಡುತ್ತಿದ್ದೆ. ಉಷಾ ಬದುಕಿದ ಇಬ್ಬರು ಹುಡುಗಿಯರ ಮಂಚದ ನಡುವೆ ಕೂತಿದ್ದಳು. ಅವರ ತಾಯಂದಿರು ಅಳುತ್ತಿದ್ದರು, ಇವಳು ಅಳಲಿಲ್ಲ. ಇವತ್ತು ಅದು ಯಾಕೆ ನೆನಪಾಯಿತೋ ಗೊತ್ತಿಲ್ಲ.

ಫೆಬ್ರವರಿ 4, ಮಂಗಳವಾರ

ಮೈದಾನದಲ್ಲಿ ಎಲ್ಲ ಕಟ್ಟಿದ್ದಾಯಿತು. ಆರು ಬಾಕ್ಸ್, ಮೂರು ಮೈಕು. ವೇದಿಕೆ ಬೇವಿನ ಮರದ ಕಡೆಗೇ ಬಂತು. ಧರ್ಮಪುರದ ಹುಡುಗಿ, ಅವಳ ಅಪ್ಪ ಇವತ್ತೇ ಬಸ್ಸಿನಲ್ಲಿ ಬಂದಿಳಿದರು. ಅವನು ಒಂದು ಚೀಲ ಶೇಂಗಾ ತಂದಿದ್ದ. ಎಲ್ಲರಿಗೂ ಬೊಗಸೆ ಬೊಗಸೆ ಕೊಟ್ಟ. ದಾಸಣ್ಣ ತಿಂದು ಸಿಪ್ಪೆಯನ್ನು ವೇದಿಕೆ ಮೇಲೇ ಹಾಕಿ ಹೆಡ್ಮಾಸ್ಟರ ಕೈಲಿ ಬೈಸಿಕೊಂಡ.

ಶಾಲೆ ಬಿಟ್ಟ ಮೇಲೆ ಯಶೋದಾ ಬಂದು ಮೆಟ್ಟಿಲ ಹತ್ತಿರ ನಿಂತಳು. ಎಲ್ಲಿ ನಿಲ್ಲಬೇಕು, ಎಲ್ಲಿಂದ ಇಳಿಯಬೇಕು ಎಂದು ಕೇಳಿದಳು. ತೋರಿಸಿದೆ. ಕೈಯಲ್ಲಿ ಮೈಕಿತ್ತು, ತಟ್ಟಿ ನೋಡುವುದರಲ್ಲಿದ್ದೆ. ಅವಳಿಗೆ ಕೊಟ್ಟು ಹಿಂದಿನ ಬಾಕ್ಸಿನ ಹತ್ತಿರ ಹೋದೆ.

"ಹಲೋ" ಅಂದಳು. ತನ್ನ ದನಿಗೆ ತಾನೇ ಬೆಚ್ಚಿ ಮೈಕು ದೂರ ಹಿಡಿದಳು. ಮತ್ತೆ ಹತ್ತಿರ ತಂದಳು. "ಹಲೋ. ಕೇಳಿಸ್ತೈತಾ ಮಾವ?"

ಕೈ ಎತ್ತಿ ಕೇಳಿಸುತ್ತದೆ ಎಂದು ಸನ್ನೆ ಮಾಡಿದೆ. ಹಿಂದಿನ ಬಾಕ್ಸಿಗೆ ಸ್ವಲ್ಪ ಜಾಸ್ತಿ ಕೊಡಬೇಕಿತ್ತು.

ಫೆಬ್ರವರಿ 5, ಬುಧವಾರ

ಸಂಜೆ ಆರೂವರೆ. ಕಾರ್ಯಕ್ರಮ ಮುಗಿದು ವೈರು ಸುತ್ತಿಟ್ಟು ಬಂದಿದ್ದೇನೆ.

ಜನ ಚೆನ್ನಾಗಿ ಸೇರಿದ್ದರು. ಉಷಾ ಮೂರನೇ ಸಾಲಿನಲ್ಲಿ ಓಬವ್ವನ ಪಕ್ಕ ಕೂತಿದ್ದಳು. ನಿಂಗಕ್ಕ, ಕರಿಸಿದ್ದಪ್ಪ ಮುಂದಿನ ಸಾಲಿನಲ್ಲಿ. ನಾನು ವೇದಿಕೆಯ ಬಲಕ್ಕೆ, ಆಂಪ್ಲಿಫೈಯರ್ ಮೇಜಿನ ಹತ್ತಿರ. ಅಲ್ಲಿಂದ ಎಲ್ಲರೂ ಕಾಣುತ್ತಾರೆ.

ಮೊದಲು ನಿರೂಪಣೆ ಮಾಡುವ ಕನ್ನಡ ಮೇಷ್ಟ್ರು ಹೆಸರು ಹೇಳಿದರು. "ನಮ್ಮ ಶಾಲೆಯ ವಿದ್ಯಾರ್ಥಿನಿ ಕುಮಾರಿ ಸುಷ್ಮಿತಾ ಎಂ." ಅಂದರು. ಆರೂ ಬಾಕ್ಸಿನಲ್ಲಿ ಸ್ವಚ್ಛವಾಗಿ ಬಂತು. ಕುಯ್ಯೋ ಅನ್ನಲಿಲ್ಲ. ಎಲ್ಲರೂ ಎದ್ದು ನಿಂತರು. ಮೌನದಲ್ಲಿ ಬೇವಿನ ಎಲೆಯ ಸದ್ದು ಮೈಕಿನಲ್ಲಿ ಸಣ್ಣಗೆ ಕೇಳಿಸುತ್ತಿತ್ತು. ಸುಷ್ಮಿತಾ. ಈ ಪುಸ್ತಕದಲ್ಲಿ ಇಲ್ಲಿಯವರೆಗೆ ಬರೆದಿರಲಿಲ್ಲ ಅನ್ನಿಸುತ್ತದೆ.

ಧರ್ಮಪುರದ ಹುಡುಗಿಗೆ ಸಾಧನೆಯದು ಕೊಟ್ಟರು. ಅವಳ ಅಪ್ಪ ಶಿಳ್ಳೆ ಹೊಡೆದ. ಹೊಸದುರ್ಗದ ಹುಡುಗ ತನ್ನ ಗೆಳೆಯನನ್ನೂ ಹೊತ್ತುಕೊಂಡೇ ವೇದಿಕೆ ಹತ್ತಿದ. ಇಬ್ಬರಿಗೂ ಒಂದೇ ಶಾಲು ಹೊದಿಸಿದರು. ಆಮೇಲೆ ಯಶೋದಾಳನ್ನು ಕರೆದರು. ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹೆಣೆದುಕೊಂಡಿದ್ದಳು. ಫಲಕ ಕೊಟ್ಟರು, ಫೋಟೋ ತೆಗೆದರು. ಅವಳು ಇಳಿಯಲು ತಿರುಗಿದಳು.

ಟ್ರಸ್ಟಿನ ಅಧ್ಯಕ್ಷರು ಹಿರಿಯರು, ಒಳ್ಳೆಯ ಮನುಷ್ಯ. ಅವರಿಗೆ ಯಾರೂ ಹೇಳಿರಲಿಲ್ಲ. ಮೈಕು ತೆಗೆದುಕೊಂಡು, "ನಿಲ್ಲಮ್ಮ, ನಿಲ್ಲು. ಅಷ್ಟು ದೊಡ್ಡ ಕೆರೆಯಿಂದ ಇಬ್ಬರನ್ನ ಹೇಗೆ ಎಳೆದು ತಂದೆ? ಈ ಮಕ್ಕಳೆಲ್ಲ ಕೇಳಿಸ್ಕೊಳ್ಳಲಿ, ಹೇಳು" ಅಂದು ಅವಳ ಬಾಯಿಗೆ ಹಿಡಿದರು. ಹೆಡ್ಮಾಸ್ಟರು ಕುರ್ಚಿಯಿಂದ ಅರ್ಧ ಎದ್ದರು. ಜನ ಚಪ್ಪಾಳೆ ತಟ್ಟಿದರು.

ಯಶೋದಾ ನನ್ನ ಕಡೆ ನೋಡಿದಳು.

ನಾನು ಸ್ವಿಚ್ಚು ಆರಿಸಿದೆ.

"ಮೈಕ್! ಮೈಕ್!" ಎಂದು ಹಿಂದಿನಿಂದ ಕೂಗಿದರು. ದಾಸಣ್ಣ ಓಡಿಬಂದ. "ಲೇ ಮಾರುತಿ, ಏನಾತೋ? ಇಪ್ಪತ್ತು ವರ್ಷದಾಗೆ ಒಂದು ದಿನ ನಿಂತಿಲ್ಲ ನಿನ್ನ ಮೈಕು!" ಎಂದ. ನಾನು ಮೇಜಿನ ಕೆಳಗೆ ಬಗ್ಗಿ ವೈರು ಹಿಡಿದುಕೊಂಡು ಕೂತೆ. ಅಧ್ಯಕ್ಷರು ಮೈಕನ್ನು ಅಂಗೈಗೆ ಬಡಿದುಕೊಂಡು, "ಏನ್ರೀ ಮೈಕಿನವರೇ, ಗುಜರಿ ಅಂಗಡಿಯಿಂದ ತಂದ್ರಾ ಇದನ್ನ?" ಎಂದರು. ಜನ ನಕ್ಕರು. ನಗಲಿ ಎಂದು ಬಿಟ್ಟೆ.

ಕೆಳಗಿನಿಂದ ನೋಡಿದಾಗ ಯಶೋದಾಳ ತುಟಿ ಅಲ್ಲಾಡುತ್ತಿತ್ತು. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಅಧ್ಯಕ್ಷರು ಕಿವಿ ಹತ್ತಿರ ತಂದು ಬಗ್ಗಿದರು. ಕೇಳುತ್ತ ಕೇಳುತ್ತ ಅವರ ನಗು ಹೋಯಿತು. ಕೊನೆಗೆ ಅವಳ ತಲೆಯ ಮೇಲೆ ಕೈಯಿಟ್ಟು ಕಳಿಸಿಕೊಟ್ಟರು. ಅವಳು ಇಳಿದು ಹೋದ ಮೇಲೆ ಸ್ವಿಚ್ಚು ಹಾಕಿದೆ.

ಮನೆಗೆ ಬಂದಾಗ ಉಷಾ ಕಾಫಿ ಕೊಟ್ಟಳು.

"ವೈರು ಕಿತ್ತಿತ್ತಾ?"

"ಹೂಂ."

"ಕಿತ್ತಿದ್ರೆ ನೀವು ಹಂಗೆ ಕುಂತಿರ್ತಿರಲಿಲ್ಲ. ಮೈದಾನ ಪೂರ್ತಿ ಓಡಾಡ್ತಿದ್ರಿ."

ನಾನು ಕಾಫಿ ಕುಡಿದೆ.

"ಅವತ್ತು ಆಸ್ಪತ್ರೇಲಿ ಆ ಇಬ್ಬರ ಜಡೆ ಬಿಚ್ಚಿದ್ದು ನಾನೇ" ಎಂದಳು ಉಷಾ. "ಒದ್ದೆ ತಲೆ ಒರೆಸೋಣ ಅಂತ. ಮುಟ್ಟಾಕೆ ಬಿಡಲಿಲ್ಲ. ಬುಡದಾಗೆಲ್ಲ ಕೆಂಪಗೆ ಊದಿಕೊಂಡಿತ್ತು. ಅವತ್ತೇ ಗೊತ್ತಾತು ನಂಗೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಮುಡಿಗೆ ಬೈಕಿನಾಗೆ ಕರ್ಕೊಂಡು ಹೋಗಿದ್ದು ನೀವಲ್ವಾ."

ಹೊರಗೆ ಓಬವ್ವನ ಮನೆಯಲ್ಲಿ ಟಿವಿ ಹಾಕಿದ್ದರು. ಆಮೇಲೆ ಯಶೋದಾ ರೊಪ್ಪದಲ್ಲಿ ಹೇಳಿದ್ದನ್ನೆಲ್ಲ ಉಷಾಗೆ ಹೇಳಿದೆ. ತೂಬಿನ ಹಿಂದೆ ಮತ್ತೆ ಮುಳುಗಿದ್ದು, ಕೈ ಜಾರಿದ್ದು, ವೇಲು ಬಂದದ್ದು. ಇದು ಅವಳಿಗೆ ಗೊತ್ತಿರಲಿಲ್ಲ. ಲೋಟ ಕೆಳಗಿಟ್ಟಳು.

"ಮೂರನೇ ಸಲಾನೂ ಇಳಿದಿದ್ಲಾ?"

"ಹೂಂ."

"ಊರಾಗೆಲ್ಲ ಅವಳು ಏರಿ ಮೇಲೆ ಕುಂತ್ಲು ಅಂತವ್ರೆ. ನಾನೂ ಹಂಗೇ ಅನ್ಕೊಂಡಿದ್ದೆ. ನಮ್ಮ ಸಲುವಾಗಿ ಅದನ್ನೂ ಹೊತ್ಕೊಂಡು ಓಡಾಡ್ತಿದಾಳಾ ಆ ಕೂಸು?" ಎಂದಳು. ಆಮೇಲೆ, "ನೀವು ಮೈಕು ಆರಿಸಬಾರದಿತ್ತು" ಎಂದಳು.

ಅವಳೇ ನನ್ನ ಫೋನು ತೆಗೆದುಕೊಂಡು ಹೆಡ್ಮಾಸ್ಟರಿಗೆ ಮಾಡಿದಳು. ಹಿತ್ತಲಿಗೆ ಹೋಗಿ ಮಾತಾಡಿದಳು. ಬಂದು, "ಯಶೋದಾ ಏನೂ ಹೇಳೋದು ಬ್ಯಾಡ. ಮೂರನೇ ಸಲ ಇಳಿದಿದ್ದನ್ನ ನಾನೇ ಹೇಳ್ತೀನಿ" ಎಂದಳು.

ನಾಳೆ ಬೆಳಿಗ್ಗೆ ಶಾಲೆಯ ಪ್ರಾರ್ಥನೆ ಹೊತ್ತಿಗೆ ಉಷಾ ಮಕ್ಕಳ ಮುಂದೆ ಮಾತಾಡುತ್ತಾಳೆ. ಒಂದು ಬಾಕ್ಸ್, ಒಂದು ಮೈಕು.